ಹಳೆಯ ಮಾದರಿ ರೈಲಿಗೆ ಇಷ್ಟೊಂದು ಬೆಲೆ ಏಕೆ?

ಪ್ರಶ್ನೆ: ನಾನು ಧಾರವಾಡದವನು, ಕೆಲಸದ ಮೇಲೆ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದೇನೆ. ಇಲ್ಲಿನ ‘ಸ್ಟೀಮ್’ ರೈಲ್ವೆ ಮ್ಯೂಸಿಯಂ ನೋಡಿ ಬಂದಾಗಿನಿಂದ ಹನ್ನೊಂದು ವರ್ಷದ ಮಗನಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ‘ಕ್ಯಾಸಲ್’ ಎಂಜಿನ್ನಿನದೇ ಧ್ಯಾನ. ಅದರ ಪುಟ್ಟ ಆಟದ ಮಾದರಿಯನ್ನು ಹೊಸದಾಗಿ ಕೊಳ್ಳುವುದು ಕೈಗೆಟುಕುವುದಿಲ್ಲವೆಂದು ಈಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಹಳೆಯದನ್ನು ಹುಡುಕುತ್ತಿದ್ದೇನೆ. ಆದರೆ ಹಳೆಯದರ ಬೆಲೆಯೂ ಏರುತ್ತಲೇ ಇದೆ. ಹೆಸರು ಒಂದೇ ‘ಕ್ಯಾಸಲ್’, ಒಬ್ಬರು 40 ಪೌಂಡ್ ಅನ್ನುತ್ತಾರೆ, ಇನ್ನೊಬ್ಬರು 150 ಅನ್ನುತ್ತಾರೆ. ಹರಾಜು ಕೂಗಿದರೆ ಕೊನೇ ಗಳಿಗೆಯಲ್ಲಿ ಕೈತಪ್ಪುತ್ತದೆ. ಬೆಲೆ ಇಳಿಯುವವರೆಗೆ ಕಾಯಲೇ?

ಉತ್ತರ: ಕಾಯುವುದು ಬೇಡ. ಆದರೆ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ: ‘ಕ್ಯಾಸಲ್’ ಎಂಬ ಹೆಸರಿನಲ್ಲಿ ನಿಮ್ಮ ಮುಂದಿರುವ ವಸ್ತು ಯಾವುದು ಎಂದು ಗುರುತಿಸಿ. ನೀವು ಕಂಡ ಬೆಲೆಗಳ ಗೊಂದಲ ಅರ್ಧಕ್ಕರ್ಧ ಅಲ್ಲೇ ಬಗೆಹರಿಯುತ್ತದೆ.

ನಿಜವಾದ ಕ್ಯಾಸಲ್ ಎಂಜಿನ್‌ಗಳು ನೀವೀಗ ಇರುವ ಸ್ವಿಂಡನ್ನಿನ ಕಾರ್ಖಾನೆಯಲ್ಲೇ ಹುಟ್ಟಿದವು. 1923ರಿಂದ 1950ರವರೆಗೆ ಒಟ್ಟು 171. ಅವುಗಳಲ್ಲಿ ಮೊದಲನೆಯದಾದ ‘ಕೇರ್‌ಫಿಲಿ ಕ್ಯಾಸಲ್’ ಅನ್ನೇ ನಿಮ್ಮ ಮಗ ಮ್ಯೂಸಿಯಂನಲ್ಲಿ ಕಂಡಿರಬೇಕು. ಅಷ್ಟು ಜನಪ್ರಿಯವಾದ ಎಂಜಿನ್ನಿಗೆ ಮಾದರಿಗಳು ಹಲವು ಬಂದಿವೆ. 1957ರಲ್ಲಿ ಹಾರ್ನ್‌ಬಿ ಡಬ್ಲೊ ಎಂಬ ಆಟದ ರೈಲಿನ ಬ್ರಾಂಡು ‘ಬ್ರಿಸ್ಟಲ್ ಕ್ಯಾಸಲ್’ ತಂದಿತು. ಎರಕದ ಲೋಹದ ಮೈ, ಕೈಯಲ್ಲಿ ಹಿಡಿದರೆ ಗಟ್ಟಿ ತೂಕ. ಆದರೆ ಅದು ನಡುವೆ ಒಂದು ಹೆಚ್ಚುವರಿ ಹಳಿ ಇರುವ ಮೂರು ಹಳಿಯ ದಾರಿಗೆ ಮಾಡಿದ್ದು. ನಿಮ್ಮ ಮಗನ ಈಗಿನ ಎರಡು ಹಳಿಯ ಮೇಲಿಟ್ಟರೆ ಲೋಹದ ಚಕ್ರಗಳು ಎರಡೂ ಹಳಿಗಳನ್ನು ಕೂಡಿಸಿ ಶಾರ್ಟ್ ಮಾಡುತ್ತವೆ. ಆಮೇಲೆ 1970ರ ದಶಕದ ಕೊನೆಗೆ ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಕ್ಯಾಸಲ್ ಬಂತು. ಆ ಅಚ್ಚು ಕೈ ಬದಲಾಯಿಸುತ್ತ ಡಾಪೊಲ್‌ಗೆ, ಅಲ್ಲಿಂದ ಹಾರ್ನ್‌ಬಿಗೆ ಸೇರಿತು. ಅದರ ಮೋಟಾರು ಇರುವುದು ಎಂಜಿನ್ನಿನಲ್ಲಲ್ಲ, ಅದರ ಹಿಂದೆ ಜೋಡಿಸಿದ ಕಲ್ಲಿದ್ದಲಿನ ಗಾಡಿಯಲ್ಲಿ, ಅಂದರೆ ಟೆಂಡರಿನಲ್ಲಿ. ಈ ಅಚ್ಚಿನದನ್ನು ಬಿಟ್ಟು ಹಾರ್ನ್‌ಬಿ ಮುಂದೆ ತಾನೇ ಹೊಸ ಅಚ್ಚು ಮಾಡಿಸಿತು. ಮೋಟಾರು ಎಂಜಿನ್ನಿಗೆ ಬಂತು, ಕೊಳವೆ, ಹಿಡಿಕೆ, ಮೊಳೆಗಳ ಸೂಕ್ಷ್ಮ ಕೆಲಸ ಹೆಚ್ಚಿತು. ನೀವು ಕಂಡ 40 ಪೌಂಡಿನದು ಬಹುತೇಕ ಟೆಂಡರ್ ಮೋಟಾರಿನದಿರುತ್ತದೆ, 150ರದು ಹೊಸ ಅಚ್ಚಿನದು. ಮಾರುವವರಿಗೇ ಎಷ್ಟೋ ಸಲ ಈ ವ್ಯತ್ಯಾಸ ತಿಳಿದಿರುವುದಿಲ್ಲ. ಹಾಗಾಗಿ ಎಂಜಿನ್ ಮತ್ತು ಟೆಂಡರ್ ಎರಡರ ತಳಭಾಗದ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಇನ್ನು ಬೆಲೆ ಏರಿದ್ದರ ಕಾರಣ. ಹೊಸ ಮಾದರಿಯ ಬೆಲೆಯೇ ಹಳೆಯದನ್ನು ಮೇಲಕ್ಕೆಳೆಯುತ್ತಿದೆ. ಈಗ ಹೊಸ ದೊಡ್ಡ ಉಗಿ ಎಂಜಿನ್ನಿಗೆ 200 ಪೌಂಡ್ ದಾಟುವುದು ಮಾಮೂಲು. ಅಷ್ಟು ಕೊಡಲಾರದವರೆಲ್ಲ ಹತ್ತು ಹದಿನೈದು ವರ್ಷ ಹಿಂದಿನ ಅದೇ ಗುಣಮಟ್ಟದ ಎಂಜಿನ್ನಿನತ್ತ ತಿರುಗುತ್ತಾರೆ. ಹೊಸದಕ್ಕೆ ಇಷ್ಟಾಗಲು ಉತ್ಪಾದನೆಯ ರೀತಿಯೇ ಕಾರಣ. ಹಾರ್ನ್‌ಬಿ 1990ರ ದಶಕದ ಕೊನೆಯಲ್ಲಿ ಮಾರ್ಗೇಟ್‌ನಿಂದ ಚೀನಾಕ್ಕೆ ತಯಾರಿಕೆ ಸಾಗಿಸಿದಾಗ ಕೂಲಿ ಅಗ್ಗವಾಗಿತ್ತು. ನೂರಾರು ಬಿಡಿಭಾಗಗಳನ್ನು ಕೈಯಿಂದ ಕೂಡಿಸುವ ಎಂಜಿನ್ ಸಾಧ್ಯವಾದದ್ದು ಆ ಕೂಲಿಯಿಂದ. ಈಗ ಅಲ್ಲಿಯ ಕೂಲಿ ಹಿಂದಿನಂತಿಲ್ಲ, ಆದರೆ ಕೊಳ್ಳುವವರು ಸೂಕ್ಷ್ಮ ಕೆಲಸವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಜೊತೆಗೆ ಹಾರ್ನ್‌ಬಿಗೆ ಮಾಡಿಕೊಡುತ್ತಿದ್ದ ಸಂಡಾ ಕಾನ್ ಕಾರ್ಖಾನೆ ಪ್ರತಿಸ್ಪರ್ಧಿ ಬಾಕ್‌ಮನ್‌ನ ಮಾತೃಸಂಸ್ಥೆ ಕೇಡರ್‌ನ ಕೈಸೇರಿತು. ಹಾರ್ನ್‌ಬಿ ಕೆಲಸವನ್ನು ಬೇರೆ ಕಾರ್ಖಾನೆಗಳಿಗೆ ಹಂಚಬೇಕಾಯಿತು, ವರ್ಷಗಟ್ಟಲೆ ಸರಕು ತಡವಾಯಿತು. ಅಂಗಡಿಯಲ್ಲಿ ಸಿಗದ್ದನ್ನು ಹರಾಜಿನಲ್ಲಿ ಹುಡುಕುವ ಅಭ್ಯಾಸ ಬಲಗೊಂಡದ್ದು ಆ ವರ್ಷಗಳಲ್ಲಿ.

ಅಂಗಡಿಯವರು ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿಯಿದೆ. ಈಗ ಮಾದರಿಗಳನ್ನು ಸತತವಾಗಿ ಅಲ್ಲ, ಒಂದೊಂದು ಕಂತಾಗಿ ತಯಾರಿಸುತ್ತಾರೆ. ಒಂದು ಹೆಸರು, ಒಂದು ನಂಬರಿನ ಎಂಜಿನ್ ಒಮ್ಮೆ ಬಂದು ಖಾಲಿಯಾದರೆ ಅದೇ ನಂಬರು ಮತ್ತೆ ಬರುವುದು ಯಾವಾಗಲೋ, ಬರದೇ ಇರಲೂಬಹುದು. ‘ಇದೇ ಹೆಸರಿನದು ಬೇಕು’ ಎಂದು ಹಠ ಹಿಡಿದವರು ಇಬ್ಬರಿದ್ದರೆ ಸಾಕು, ಹರಾಜು ಎಲ್ಲಿಗೋ ಹೋಗಿ ನಿಲ್ಲುತ್ತದೆ. ನಿಮ್ಮ ಮಗನಿಗೆ ಯಾವ ಕ್ಯಾಸಲ್ ಆದರೂ ಸಂತೋಷ ಎಂದಾದರೆ ನಿಮಗೆ ಅದೇ ದೊಡ್ಡ ಅನುಕೂಲ. ಜನ ಕಡಿಮೆ ಹುಡುಕುವ ಹೆಸರಿನದನ್ನು ಕೊಳ್ಳಿ.

2020ರ ಲಾಕ್‌ಡೌನ್‌ನಲ್ಲಿ ಅಟ್ಟದ ಮೇಲಿನ ಹಳಿಗಳು ಕೆಳಗಿಳಿದವು, ಹಾರ್ನ್‌ಬಿಯ ಮಾರಾಟವೂ ಏರಿತು. ಆಗ ಮರಳಿ ಬಂದ ಹವ್ಯಾಸಿಗಳಲ್ಲಿ ಹಲವರು ಹಾಗೇ ಉಳಿದರು. ಆಮೇಲೆ 2024ರ ಜನವರಿಯಲ್ಲಿ 1946ರಿಂದ ನಡೆದು ಬಂದಿದ್ದ ಹ್ಯಾಟನ್ಸ್ ಅಂಗಡಿ ಬಾಗಿಲು ಹಾಕುವುದಾಗಿ ಹೇಳಿತು. ಹಳೆಯ ಸಂಗ್ರಹಗಳನ್ನು ಸಗಟಾಗಿ ಕೊಂಡು, ಓಡಿಸಿ ಪರೀಕ್ಷಿಸಿ, ನಿಗದಿತ ಬೆಲೆಗೆ ಮಾರುತ್ತಿದ್ದ ಅಂಗಡಿ ಅದು. ಅಂಥ ಅಂಗಡಿಯ ಬೆಲೆಪಟ್ಟಿ ಎಲ್ಲರಿಗೂ ಒಂದು ಅಳತೆಗೋಲಾಗಿತ್ತು. ಅದೇ ತಿಂಗಳು ಮಾದರಿ ರೈಲು ಹವ್ಯಾಸಿಗಳ ವಾರ್ಲಿ ಕ್ಲಬ್ಬಿನವರು ಬರ್ಮಿಂಗ್‌ಹ್ಯಾಮ್‌ನ ತಮ್ಮ ದೊಡ್ಡ ಪ್ರದರ್ಶನವನ್ನೂ ನಿಲ್ಲಿಸಿದರು. ನನಗೆ ನಿಜಕ್ಕೂ ನೋವಾದ ಸುದ್ದಿಗಳಿವು. ಎಂಜಿನ್ನನ್ನು ಕೈಯಲ್ಲಿ ಹಿಡಿದು, ಓಡಿಸಿ ನೋಡಿ ಕೊಳ್ಳುವ ಜಾಗಗಳು ಕಡಿಮೆಯಾದಷ್ಟೂ ಎಲ್ಲರೂ ಪರದೆಯ ಮೇಲಿನ ಒಂದೇ ಹರಾಜಿಗೆ ಬಂದು ಸೇರುತ್ತಾರೆ.

ಈಬೇಯ ಲೆಕ್ಕವೂ ಬದಲಾಗಿದೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರಿನಿಂದ ಖಾಸಗಿ ಮಾರಾಟಗಾರರಿಗೆ ಮಾರಾಟ ಶುಲ್ಕ ತೆಗೆದರು, 2025ರ ಫೆಬ್ರುವರಿಯಿಂದ ಕೊಳ್ಳುವವರ ಮೇಲೆ ‘ರಕ್ಷಣಾ ಶುಲ್ಕ’ ಹಾಕಿದರು. ನಿಮಗೆ ಕಾಣುವ ಬೆಲೆಯಲ್ಲೇ ಅದು ಸೇರಿರುತ್ತದೆ. ಅಂದರೆ ಏರಿಕೆಯ ಒಂದು ಪಾಲು ಎಂಜಿನ್ನಿನದಲ್ಲ, ಶುಲ್ಕದ್ದು.

ಹಾಗಾದರೆ ಸರಿಯಾದ ಬೆಲೆ ತಿಳಿಯುವುದು ಹೇಗೆ? ಕೇಳುವ ಬೆಲೆಯನ್ನು ನೋಡಲೇಬೇಡಿ. 220 ಪೌಂಡ್ ಎಂದು ಬರೆದು ವರ್ಷವಿಡೀ ಮಾರಾಟವಾಗದೆ ಕೂತ ಎಂಜಿನ್‌ಗಳು ಬೇಕಾದಷ್ಟಿವೆ. ಅವನ್ನು ನೋಡಿ ಉಳಿದವರೂ ಅದೇ ಬೆಲೆ ಬರೆಯುತ್ತಾರೆ, ನಮ್ಮಂಥವರು ಅದನ್ನೇ ಮಾರುಕಟ್ಟೆ ಎಂದು ನಂಬುತ್ತೇವೆ. ಹುಡುಕಾಟದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಒತ್ತಿದರೆ ಸುಮಾರು 90 ದಿನಗಳಲ್ಲಿ ನಿಜವಾಗಿ ಕೈ ಬದಲಾಯಿಸಿದ ಬೆಲೆಗಳು ಕಾಣುತ್ತವೆ. ಬೆಲೆಯ ಮೇಲೆ ಅಡ್ಡಗೆರೆ ಇದ್ದರೆ ಅದು ಚೌಕಾಸಿಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗಿದೆ ಎಂದರ್ಥ. ಕೆಲವು ವಾರ ಹೀಗೆ ನೋಡಿ, ಅಂಚೆ ವೆಚ್ಚ ಸೇರಿಸಿ, ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆದಿಡಿ.

ಕೊನೇ ಗಳಿಗೆಯಲ್ಲಿ ಕೈತಪ್ಪುವುದು ನಿಮ್ಮ ದುರದೃಷ್ಟವಲ್ಲ, ಆ ಹರಾಜಿನ ನಿಯಮವೇ ಹಾಗಿದೆ. ನೀವು ಕೊಡಬಲ್ಲ ಗರಿಷ್ಠ ಮೊತ್ತ ಬರೆದರೆ, ಎದುರಾಳಿಯನ್ನು ಮೀರಲು ಬೇಕಾದಷ್ಟನ್ನೇ ಈಬೇ ನಿಮ್ಮ ಪರವಾಗಿ ಕೂಗುತ್ತ ಹೋಗುತ್ತದೆ. ಸಮಯ ಮುಗಿದರೆ ಮುಗಿಯಿತು, ಊರಿನ ಹರಾಜಿನಂತೆ ‘ಒಂದು ಸಲ, ಎರಡು ಸಲ’ ಎಂದು ಕಾಯುವುದಿಲ್ಲ. ಐದೈದು ಪೌಂಡ್ ಏರಿಸುತ್ತ ವಾರವಿಡೀ ಆಡಿದರೆ ನೀವೇ ಬೆಲೆ ಏರಿಸಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟಂತೆ. ಮಿತಿಯ ಪೂರ್ತಿ ಮೊತ್ತವನ್ನು ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಂದೇ ಸಲ ಹಾಕಿ. ಸಿಗಲಿಲ್ಲವೇ, ಮುಂದಿನದನ್ನು ನೋಡಿ.

ಒಂದು ಎಚ್ಚರಿಕೆ. ಹಳೆಯ ಮಾದರಿಗಳಲ್ಲಿ ವಾಸಿಯಾಗದ ಒಂದು ರೋಗವಿದೆ. ತಳದ ಎರಕಕ್ಕೆ ಬಳಸುವ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ವರ್ಷಗಳ ಮೇಲೆ ಲೋಹ ಊದಿ, ಬಾಗಿ, ಬಿರಿದು ಪುಡಿಯಾಗುತ್ತದೆ. ಇದನ್ನು ಅಲ್ಲಿ ‘ಮಜಾಕ್ ರಾಟ್’ ಎನ್ನುತ್ತಾರೆ. ಎರಡನೇ ಮಹಾಯುದ್ಧಕ್ಕೆ ಹಿಂದಿನವಕ್ಕೆ ಮಾತ್ರ ಬರುವುದೆಂದು ತಿಳಿಯಬೇಡಿ, ಹಾರ್ನ್‌ಬಿಯ ‘ಕ್ಲಾಸ್ 31’ ಡೀಸೆಲ್ ಎಂಜಿನ್ ತೀರಾ ಈಚಿನದು, ಈ ರೋಗಕ್ಕೇ ಹೆಸರಾಗಿದೆ. ಹಳೆಯ ಬಾಕ್‌ಮನ್ ಎಂಜಿನ್ನಿನ ತಳ ಎರಡು ಹೋಳಿನದಾಗಿದ್ದರೆ ಚಕ್ರಗಳ ಆಕ್ಸಲ್ ಕೂಡಿಸುವ ಪ್ಲಾಸ್ಟಿಕ್ ತುಂಡು ಸೀಳಿದೆಯೇ ಎಂದು ವಿಚಾರಿಸಿ. ‘ಪರೀಕ್ಷಿಸಿಲ್ಲ’ ಎಂದು ಬರೆದದ್ದನ್ನು ಓಡದ ಎಂಜಿನ್ ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ. ಮಗು ಓಡಿಸುವುದಾದರೆ ಟೆಂಡರ್ ಮೋಟಾರಿನ ಕ್ಯಾಸಲ್ ಸಾಕು ಎಂಬುದು ನನ್ನ ಸಲಹೆ. ಬಿದ್ದರೆ ಮುರಿಯುವ ಸಣ್ಣ ಭಾಗಗಳು ಅದರಲ್ಲಿ ಕಡಿಮೆ. ಚಕ್ರದ ರಬ್ಬರ್ ಪಟ್ಟಿ, ಮೋಟಾರಿನ ಕಾರ್ಬನ್ ಬ್ರಷ್ ಇವತ್ತಿಗೂ ಸಿಗುತ್ತವೆ, ಅಪ್ಪ ಮಗ ಕೂತು ಬದಲಾಯಿಸಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ಬ್ರಿಟನ್ನಿನ ಹರಾಜಿನಲ್ಲಿ 60 ಪೌಂಡಿಗೆ ಸಿಗುವ ಎಂಜಿನ್ ಇಲ್ಲಿಗೆ ತರಿಸಿದರೆ ಎಷ್ಟಾದೀತು?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ಭಾರತದ ಈಬೇ 2018ರ ಆಗಸ್ಟಿನಲ್ಲಿ ಮುಚ್ಚಿದ ಮೇಲೆ ನಮಗೆ ಉಳಿದದ್ದು ಹೊರದೇಶದ ಹರಾಜೇ. ಸುಂಕದ ಪಟ್ಟಿಯಲ್ಲಿ ಅಳತೆಗಿಳಿಸಿದ ಮಾದರಿಗಳು ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಮೂಲ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಅದರ ಮೇಲೆ ಜಿಎಸ್‌ಟಿ ಬೇರೆ. ಲೆಕ್ಕ ಹಾಕುವುದು ಎಂಜಿನ್ನಿನ ಬೆಲೆಗಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ಸ್ವಂತ ಬಳಕೆಯ ಪಾರ್ಸೆಲ್ಲಿಗೆ ಸುಂಕದ ಪಟ್ಟಿಯ ಬೇರೆ ಶೀರ್ಷಿಕೆ ಹಚ್ಚುವುದೂ ಉಂಟು, ಆದ್ದರಿಂದ ತರಿಸುವ ಮೊದಲು ಕೊರಿಯರ್ ಕಂಪನಿಯನ್ನು ಕೇಳಿ. ನನ್ನ ಮಾತು ಕೇಳುವುದಾದರೆ, ಅಲ್ಲಿರುವ ನೆಂಟರ ವಿಳಾಸಕ್ಕೆ ತರಿಸಿಡಿ. ಅವರು ಊರಿಗೆ ಬರುವಾಗ ಸುಂಕವಿಲ್ಲದ ಮಿತಿಯೊಳಗೆ ತಮ್ಮ ಸಾಮಾನಿನಲ್ಲಿ ತರಲಿ.

ರೈಲಿನ ವೇಗ ನಿಯಂತ್ರಿಸುವ ಕಂಟ್ರೋಲರ್ ಕೊಳ್ಳುವುದಾದರೆ ಬ್ರಿಟನ್ನಿನದು ಇಲ್ಲಿ ನಡೆಯುತ್ತದೆ, ಎರಡೂ ಕಡೆ 230 ವೋಲ್ಟ್, ಪ್ಲಗ್ಗಿಗೊಂದು ಅಡಾಪ್ಟರ್ ಸಾಕು. ಅಮೆರಿಕದ 120 ವೋಲ್ಟಿನದನ್ನು ನೇರ ಹಚ್ಚಿದರೆ ಸುಟ್ಟುಹೋಗುತ್ತದೆ.

ಪ್ರಶ್ನೆ: ನಮ್ಮ ಮಾವನವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಊರಿಗೆ ಮರಳಿದ ಇಂಗ್ಲಿಷ್ ಅಧಿಕಾರಿಯೊಬ್ಬರು ಕೊಟ್ಟ ಆಟದ ರೈಲೊಂದು ಮನೆಯಲ್ಲಿದೆ. ‘ಹಾರ್ನ್‌ಬಿ ಡಬ್ಲೊ’ ಎಂದು ಬರೆದ ಪೆಟ್ಟಿಗೆ, ಮೂರು ಹಳಿಗಳು. ಇಂಥದ್ದಕ್ಕೆ ಲಕ್ಷ ರೂಪಾಯಿ ಎಂದು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ನಿಜವೇ ಸರ್?

ಉತ್ತರ: ಅಮ್ಮ, ನಿಮ್ಮ ಮೊಮ್ಮಗ ತೋರಿಸಿದ್ದು ಕೇಳುವ ಬೆಲೆಯೋ ಮಾರಾಟವಾದ ಬೆಲೆಯೋ ಎಂದು ಮೊದಲು ನೋಡಲು ಹೇಳಿ. ಹಳೆಯದೆಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಯುದ್ಧಾನಂತರ ಡಬ್ಲೊ ರೈಲುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿದರು. ಬಾಲ್ಯದಲ್ಲಿ ಅವುಗಳೊಂದಿಗೆ ಆಡಿದ ತಲೆಮಾರು ಈಗ ತೀರಾ ವಯಸ್ಸಾದದ್ದು, ಅವರ ಸಂಗ್ರಹಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಸಾಮಾನ್ಯ ಡಬ್ಲೊಗೆ ಬೇಡಿಕೆ ತಣ್ಣಗಾಗಿದೆ.

ಆದರೆ ನೀವು ಹೇಳಿದ ಕಾಲ ನನ್ನ ಕುತೂಹಲ ಕೆರಳಿಸಿದೆ. ಡಬ್ಲೊ ಹೊರಬಂದದ್ದು 1938ರಲ್ಲಿ, ಯುದ್ಧದಿಂದಾಗಿ ಬೇಗನೆ ನಿಂತುಹೋಯಿತು. ಸ್ವಾತಂತ್ರ್ಯದ ಹೊತ್ತಿಗೆ ಕೊಟ್ಟ ರೈಲು ಎಂದರೆ ಆ ಮೊದಲ ಕೆಲವು ವರ್ಷಗಳದಿರಬಹುದು. ಎಂಜಿನ್ನಿನ ಪಕ್ಕದಲ್ಲಿ ಕೀಲಿ ತಿರುಗಿಸುವ ತೂತು ಇದೆಯೇ ನೋಡಿ. ಕೀಲಿ ಕೊಟ್ಟು ಓಡಿಸುವ ಡಬ್ಲೊ ಯುದ್ಧಕ್ಕೆ ಮುಂಚೆ ಮಾತ್ರ ಬಂದದ್ದು, ವಿರಳ. ಬೋಗಿಗಳ ಕೊಂಡಿಯ ಹತ್ತಿರದ ಫೋಟೊ ತೆಗೆಸಿ. ಯುದ್ಧದ ನಂತರ ಕೊಂಡಿಯ ವಿನ್ಯಾಸ ಬದಲಾಯಿತು, ತಿಳಿದವರಿಗೆ ಅದರಿಂದಲೇ ಕಾಲ ಗೊತ್ತಾಗುತ್ತದೆ. ಮೇಲೆ ಹೇಳಿದ ಲೋಹದ ರೋಗ ಆ ಕಾಲದವಕ್ಕೆ ಹೆಚ್ಚು, ಹಾಗಾಗಿ ಚಕ್ರ ಮತ್ತು ಮೈಯಲ್ಲಿ ಬಿರುಕಿದೆಯೇ ಎಂದೂ ಗಮನಿಸಿ.

ದಯವಿಟ್ಟು ತೊಳೆಯಬೇಡಿ, ಪಾಲಿಷ್ ಹಾಕಬೇಡಿ, ಹೊಸ ಬಣ್ಣ ಬಳಿಸಬೇಡಿ. ಮಾಸಿದ ಮೂಲ ಬಣ್ಣಕ್ಕೆ ಬೆಲೆಯಿದೆ, ಹೊಸದಾಗಿ ಬಳಿದದ್ದಕ್ಕಿಲ್ಲ. ಪೆಟ್ಟಿಗೆ ಹರಿದಿದ್ದರೂ ಅಂಟು ಪಟ್ಟಿ ಹಚ್ಚದೆ ಹಾಗೇ ಇಡಿ. ಎಲ್ಲಕ್ಕಿಂತ ಮುಖ್ಯ, ಹಳೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಕರೆಂಟಿಗೆ ಹಚ್ಚಬೇಡಿ. ಒಳಗಿನ ತಂತಿಯ ರಬ್ಬರು ಪುಡಿಯಾಗಿರುತ್ತದೆ, ಜೀವಕ್ಕೆ ಅಪಾಯ.

ಮಾರುವ ಮನಸ್ಸಿದ್ದರೆ ಫೋಟೊಗಳನ್ನು ಇಂಗ್ಲೆಂಡಿನ ವೆಕ್ಟಿಸ್‌ನಂಥ ಆಟಿಕೆ ಹರಾಜು ಸಂಸ್ಥೆಗೆ ಕಳಿಸಿ ಅಂದಾಜು ಕೇಳಿ. ಹರಾಜು ಸಂಸ್ಥೆಗಳು ಮಾರುವವರಿಂದಲೂ ಕಮಿಷನ್ ಹಿಡಿಯುತ್ತವೆ, ಸಾಗಣೆಯ ವೆಚ್ಚವೂ ನಿಮ್ಮದೇ, ಎರಡನ್ನೂ ಕಳೆದು ಕೈಗೆ ಬರುವುದೆಷ್ಟು ಎಂದು ನೋಡಿ. 1938ರ ರೈಲು ಇನ್ನೂ ನೂರು ವರ್ಷ ಮುಟ್ಟಿಲ್ಲ. ಆದರೆ ಪೆಟ್ಟಿಗೆಯಲ್ಲಿ ಅದಕ್ಕೂ ದೊಡ್ಡ ಅಳತೆಯ, ತಗಡಿನ ಕೀಲಿ ರೈಲು ಸೇರಿದ್ದರೆ ಹಾರ್ನ್‌ಬಿ ಅಂಥವನ್ನು 1920ರಿಂದಲೇ ಮಾಡುತ್ತಿತ್ತು. ನೂರು ವರ್ಷ ದಾಟಿದ ವಸ್ತುಗಳನ್ನು ಹೊರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡಬರಬಹುದು. ಕಳಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.