ಪುಸ್ತಕ ಒಂದು, ಕೋರ್ಸ್ ಎರಡು, ಜೊತೆಗೊಂದು ಗೋಡೆ

ಪ್ರಶ್ನೆ: ನಾನು ಜಲವರ್ಣ ಕಲಾವಿದೆ. 32 ಪುಟಗಳ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದುಕೊಡಲು ಒಪ್ಪಿದ್ದೇನೆ. ಐದು ತಿಂಗಳ ಗಡುವು. ಅದೇ ಹೊತ್ತಿಗೆ ತೈಲವರ್ಣ ಮತ್ತು ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ಹಾಕುವ ಕಲೆ) ಆನ್‌ಲೈನ್ ಕೋರ್ಸ್‌ಗಳಿಗೂ ಸೇರಿಕೊಂಡೆ. ಈಗ ಗೆಳತಿ ತನ್ನ ಶಾಲೆಯ ಗೋಡೆಗೆ ಚಿತ್ರ ಬರೆದುಕೊಡು ಅನ್ನುತ್ತಿದ್ದಾಳೆ. ಹೊಸದು ಶುರುವಾದಾಗ ಊಟ ನಿದ್ದೆ ಮರೆಯುವಷ್ಟು ಹುರುಪು, ಮೂರನೇ ವಾರಕ್ಕೆ ಬೇಸರ. ತೈಲವರ್ಣದಲ್ಲಂತೂ ಏನು ಹಚ್ಚಿದರೂ ಕೆಸರು. ‘ಕಲೀತಾನೇ ಇರ್ತೀಯ, ಮುಗಿಸೋದು ಯಾವಾಗ?’ ಅಂತಾರೆ ನಮ್ಮ ಮನೆಯವರು. ನನ್ನಲ್ಲೇ ಏನಾದರೂ ಕೊರತೆಯೇ? ಕೋರ್ಸ್‌ಗಳನ್ನೆಲ್ಲ ಬಿಟ್ಟುಬಿಡಲೇ?

ಉತ್ತರ: ಎಲ್ಲವನ್ನೂ ಬಿಡಬೇಕಿಲ್ಲ. ಆದರೆ ಈ ನಾಲ್ಕರಲ್ಲಿ ಗಡುವು ಇರುವುದು ಪುಸ್ತಕಕ್ಕೆ ಮಾತ್ರ, ಹಾಗಾಗಿ ಅದರ ಲೆಕ್ಕ ಮೊದಲು.

32 ಪುಟಗಳಲ್ಲಿ ಶೀರ್ಷಿಕೆ, ಹಕ್ಕುಸ್ವಾಮ್ಯದ ಪುಟಗಳನ್ನು ಕಳೆದರೆ ಕತೆಗೆ ಸಾಮಾನ್ಯವಾಗಿ 12ರಿಂದ 14 ಜೋಡಿಪುಟ (ಎದುರುಬದುರಿನ ಎರಡೆರಡು ಪುಟ) ಸಿಗುತ್ತವೆ. ಈ ವಾರವೇ ಒಂದು ಜೋಡಿಪುಟವನ್ನು ಕರಡಿನಿಂದ ಸ್ಕ್ಯಾನ್‌ವರೆಗೆ ಪೂರ್ತಿ ಮುಗಿಸಿ. ಸುಲಭದ್ದನ್ನು ಆರಿಸಿಕೊಳ್ಳಬೇಡಿ, ಎರಡು ಮೂರು ಪಾತ್ರ ಮತ್ತು ತುಂಬು ಹಿನ್ನೆಲೆ ಇರುವುದೇ ಆಗಲಿ. ಎಷ್ಟು ಗಂಟೆ ಹಿಡಿಯಿತು ಬರೆದಿಡಿ. 16 ಗಂಟೆ ಅಂದುಕೊಳ್ಳೋಣ: ಹದಿನಾಲ್ಕಕ್ಕೆ 224. ತಿದ್ದುಪಡಿಗೆಂದು ಮೂರನೇ ಒಂದು ಪಾಲು ಸೇರಿಸಿದರೆ ಹತ್ತಿರ ಹತ್ತಿರ 300. ವಾರಕ್ಕೆ 15 ಗಂಟೆ ಕೂತರೆ 20 ವಾರ. ಐದು ತಿಂಗಳೆಂದರೆ 21 ವಾರ ಚಿಲ್ಲರೆ. ಮುಖಪುಟ, ಜ್ವರ, ಮನೆಗೆ ಬರುವ ನೆಂಟರು, ಎಲ್ಲವೂ ಆ ಉಳಿದ ಒಂದೂವರೆ ವಾರದಲ್ಲೇ ಹಿಡಿಯಬೇಕು! ನಿಮ್ಮ ಗಂಟೆಗಳು ಬೇರೆ ಇರಬಹುದು, ಆದರೆ ಈ ಲೆಕ್ಕ ಕಾಗದದ ಮೇಲೆ ಬರುವ ತನಕ ಯಾವುದಕ್ಕೂ ‘ಹೂಂ’ ಅನ್ನಬೇಡಿ.

ಆ ಒಂದು ಜೋಡಿಪುಟ ಇನ್ನೂ ಕೆಲವು ಗುಟ್ಟು ಬಿಟ್ಟುಕೊಡುತ್ತದೆ. ತೀರಾ ತಿಳಿಯಾದ ವಾಷ್ (ನೀರುನೀರಾದ ಬಣ್ಣದ ಪದರ) ಸ್ಕ್ಯಾನ್‌ನಲ್ಲಿ ಮಾಯವಾಗುತ್ತದೆ. ಫ್ಲೋರೊಸೆಂಟ್ ಗುಲಾಬಿ ಅಚ್ಚಿನಲ್ಲಿ ಮಂಕಾಗುತ್ತದೆ. ಉಬ್ಬುತಗ್ಗಾದ ಕಾಗದ ನೆರಳು ಬೀಳಿಸುತ್ತದೆ, ಆದ್ದರಿಂದ 300 ಜಿಎಸ್‌ಎಂನ ದಪ್ಪ ಕಾಗದವನ್ನೂ ನೆನೆಸಿ, ಹಲಗೆಗೆ ನೀರು ತಾಗಿದರೆ ಅಂಟುವ ಕಾಗದದ ಗಮ್ ಟೇಪ್ ಹಚ್ಚಿ ಬಿಗಿದುಕೊಳ್ಳಿ. ಪಾತ್ರದ ಮುಖ ನಡುಮಡಿಕೆಗೆ ಬೀಳಬಾರದು. ಅಂಚಿನಲ್ಲಿ ಕತ್ತರಿಸಿಹೋಗಲೆಂದು ಕನಿಷ್ಠ 3 ಮಿ.ಮೀ. ಚಿತ್ರ ಹೆಚ್ಚಿಗೆ ಬೇಕು. ಹದಿನಾಲ್ಕೂ ಮುಗಿದ ಮೇಲೆ ಇದು ಗೊತ್ತಾದರೆ ಅಳುವುದೊಂದೇ ದಾರಿ.

ಇನ್ನು ನಿಮ್ಮ ಕೆಸರು. ಜಲವರ್ಣದ ಕೈ ತೈಲಕ್ಕೆ ಬಂದಾಗ ಹೀಗಾಗುವುದು ಮಾಮೂಲು. ನೀರು ಬೆರೆಸಿದ ಅಭ್ಯಾಸದಲ್ಲೇ ಟರ್ಪೆಂಟೈನ್ ಸುರಿಯುತ್ತೀರಿ, ಬಣ್ಣವನ್ನು ಹಿಡಿದಿಡುವ ಎಣ್ಣೆ ತೆಳುವಾಗಿ ಪದರ ಸುಣ್ಣದಂತೆ ಮಂಕಾಗುತ್ತದೆ. ಮಂಕಾಯಿತೆಂದು ಅದು ಒಣಗುವ ಮೊದಲೇ ಇನ್ನೊಂದು ಬಣ್ಣ ಎಳೆಯುತ್ತೀರಿ, ಕೆಳಗಿನದು ಎದ್ದು ಬೆರೆತು ಬೂದಿಯಾಗುತ್ತದೆ. ಅಲ್ಲಿ ಬೆಳಕಿಗೆ ಬಿಳಿ ಕಾಗದ ಉಳಿಸುತ್ತಿದ್ದಿರಿ. ಇಲ್ಲಿ ಬೆಳಕನ್ನೂ ಬಣ್ಣದಲ್ಲೇ ಹಚ್ಚಬೇಕು, ಅದೂ ಕೊನೆಗೆ, ದಪ್ಪಗೆ.

ಮುಂದಿನ ಪಾಠ ತೆರೆಯಬೇಡಿ. ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಹಚ್ಚಿದ ಚಿಕ್ಕ ಹಲಗೆಯ ಮೇಲೆ ಬರ್ಂಟ್ ಅಂಬರ್ ಎಂಬ ಕಡುಕಂದು ಮತ್ತು ಟೈಟಾನಿಯಂ ವೈಟ್ ಎರಡೇ ಇಟ್ಟುಕೊಂಡು ಒಂದು ಲೋಟವನ್ನೋ ಈರುಳ್ಳಿಯನ್ನೋ ಬರೆಯಿರಿ. ಕಡುಕಂದಿನಿಂದ ಬೆಳಕಿನವರೆಗೆ ಐದು ಛಾಯೆಗಳನ್ನು ಪ್ಯಾಲೆಟ್‌ನಲ್ಲಿ ಮೊದಲೇ ಕಲಸಿಟ್ಟುಕೊಳ್ಳಿ, ಚಿತ್ರದ ಮೇಲೆ ಕಲಸಬೇಡಿ. ಒಂದು ಕಡೆ ಒಂದೇ ಸಲ ಹಚ್ಚಿ, ಬ್ರಷ್ ಒರೆಸಿ, ಮುಂದಿನದಕ್ಕೆ ಹೋಗಿ. ಅಂಬರ್ ಬೇಗ ಒಣಗುತ್ತದೆ, ಬಿಳಿ ತಡ. ಎರಡನೇ ಪದರವನ್ನು ಮುಂದಿನ ವಾರಕ್ಕೆ ಬಿಡಿ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚೇ ಇರಲಿ. ತಿರುಗುಮುರುಗಾದರೆ ಮೇಲಿನದು ಬೇಗ ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗುತ್ತಿದ್ದು, ಚಿತ್ರ ಬಿರುಕು ಬಿಡುತ್ತದೆ. ಇಷ್ಟಕ್ಕೆ ವಾರಕ್ಕೊಂದು ಸಂಜೆ ಸಾಕು, ಪುಸ್ತಕದ ಗಂಟೆಗಳಿಗೆ ಕೈ ಹಾಕಬೇಕಿಲ್ಲ. ಹ್ಞಾಂ, ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಗೆ ಹಾಕಿ ಮುಚ್ಚಿಡಿ.

ಲಿನೋಕಟ್ಟನ್ನು ಪುಸ್ತಕ ಮುಗಿಯುವವರೆಗೆ ನಿಲ್ಲಿಸಿ. ಒಂದೇ ಬ್ಲಾಕನ್ನು ಬಣ್ಣಕ್ಕೊಮ್ಮೆ ಕೆತ್ತುತ್ತಾ ಹೋಗುವ ರಿಡಕ್ಷನ್ ಕೆಲಸ ಶುರುವಾಗಿದ್ದರೆ ಮಾತ್ರ ಅದನ್ನು ಮುಗಿಸಿಯೇ ಎತ್ತಿಡಿ. ತಿಂಗಳುಗಟ್ಟಲೆ ಬಿಟ್ಟರೆ ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ, ಮುಂದಿನ ಬಣ್ಣ ಸರಿಯಾದ ಜಾಗಕ್ಕೆ ಕೂರುವುದಿಲ್ಲ. ಕೋರ್ಸ್‌ನ ವಿಡಿಯೊಗಳು ಎಷ್ಟು ದಿನ ತೆರೆದಿರುತ್ತವೆ ಎಂದು ಇವತ್ತೇ ವಿಚಾರಿಸಿ. ಅವಧಿ ಮುಗಿಯುವಂತಿದ್ದರೆ ಮುಂದೂಡಲು ಕೇಳಿಕೊಳ್ಳಿ.

ಮೂರನೇ ವಾರದ ಬೇಸರ ಕೊರತೆಯ ಗುರುತಲ್ಲ. ಮೊದಲೆರಡು ವಾರ ಕೋರ್ಸ್‌ಗಳು ಕೈಗೆ ಸುಲಭವಾಗಿ ಬರುವುದನ್ನೇ ಕೊಡುತ್ತವೆ, ಮಾಧ್ಯಮದ ನಿಜವಾದ ತೊಡಕು ಆಮೇಲೆ ಬರುತ್ತದೆ. ನಿಮಗೆ ಮಾತ್ರ ಆಗ ಓಡಿಹೋಗಲು ಇನ್ನೂ ಮೂರು ಬಾಗಿಲು ತೆರೆದಿವೆ. ಮನೆಯವರ ಮಾತು ಚುಚ್ಚಿದ್ದು ಅದರಲ್ಲಿ ಸ್ವಲ್ಪ ನಿಜ ಇರುವುದಕ್ಕೇ ಅನ್ನಿಸುತ್ತದೆ. ವಾದ ಬೇಡ, 20 ವಾರದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಆ 15 ಗಂಟೆ ಮನೆಗೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಅವರನ್ನೇ ಕೇಳಿ.

ಗೆಳತಿಗೆ ಹೀಗೆ ಬರೆಯಬಹುದು: ‘ನಿನ್ನ ಗೋಡೆ ನನಗೂ ಇಷ್ಟ ಕಣೇ, ಆದರೆ ಪುಸ್ತಕ ಕೊಟ್ಟ ಮೇಲೇ ಮಾಡ್ತೀನಿ. ಅಷ್ಟರಲ್ಲಿ ಗೋಡೆ ತೇವ ಹಿಡಿಯುತ್ತಾ, ಬಿಳಿ ಉಪ್ಪು ಏಳುತ್ತಾ ನೋಡಿಡು. ಹೊಸ ಗಾರೆ ಆದರೆ ಕನಿಷ್ಠ ನಾಲ್ಕು ವಾರ ಒಣಗಲಿ. ಉದ್ದ, ಎತ್ತರ ಅಳೆದು ಒಂದು ಫೋಟೊ ಕಳಿಸು.’