ಒಬ್ಬರಿಗೆ 10 ನೋಟ್‌ಬುಕ್, ಕ್ಲಾಸಿನಲ್ಲಿ 22 ಮಕ್ಕಳು

ಪ್ರಿಯ ಮೇಡಂ,

ನಿಮ್ಮ ಪತ್ರ ಉದ್ದವಾಗಿತ್ತು, ಪೂರ್ತಿ ಹಾಕಲು ಜಾಗ ಸಾಲಲಿಲ್ಲ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ಗೊತ್ತಾಗಲಿ ಎಂದು ವಿಷಯ ಮೊದಲು ಹೇಳಿಬಿಡುತ್ತೇನೆ.

ನೀವು ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೀರಿ. ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಒಂದು ದೊಡ್ಡ ಅಂಗಡಿಯಲ್ಲಿ ನೋಟ್‌ಬುಕ್ 25 ಸೆಂಟಿಗೆ ಸಿಗುತ್ತಿತ್ತು. ಒಬ್ಬರಿಗೆ 10 ಮಾತ್ರ ಎಂದು ಬೋರ್ಡ್ ಹಾಕಿದ್ದರು. ನೀವು ಶಾಲೆಯ ಐಡಿ ಕಾರ್ಡ್ ತೋರಿಸಿ ಜಾಸ್ತಿ ಕೇಳಿದಿರಿ. ಕ್ಯಾಷಿಯರ್ ಮ್ಯಾನೇಜರನ್ನು ಕರೆದರು, ಮ್ಯಾನೇಜರ್ ಆಗಲ್ಲ ಎಂದರು, ಹಿಂದೆ ನಿಂತಿದ್ದವರೊಬ್ಬರು "ನಮ್ಮ ಮಕ್ಕಳಿಗೂ ಬೇಕಲ್ಲ" ಎಂದು ಗೊಣಗಿದರು. ಟ್ರಾಲಿಯಿಂದ ಪುಸ್ತಕ ತೆಗೆದು ವಾಪಸ್ ಇಡುವಾಗ ಅಳು ಬಂತು ಎಂದು ಬರೆದಿದ್ದೀರಿ. ಟೀಚರ್‌ಗಳಿಗಾದರೂ ಮಿತಿ ಸಡಿಲ ಮಾಡಬೇಕಲ್ವಾ ಅನ್ನುವುದು ನಿಮ್ಮ ಒಂದು ಪ್ರಶ್ನೆ. ಯಜಮಾನರನ್ನೂ ಮಗನನ್ನೂ ಬೇರೆ ಸಾಲಿನಲ್ಲಿ ನಿಲ್ಲಿಸಿ ಹತ್ತು ಹತ್ತು ತಗೊಂಡರೆ ಮೋಸವಾಗುತ್ತದಾ ಅನ್ನುವುದು ಇನ್ನೊಂದು. ಮೂರನೆಯದು ನಿಮ್ಮ ನಾದಿನಿ ಕೇಳಿದ್ದು: "ಕೈಯಿಂದ ಹಾಕು ಅಂತ ನಿನಗೆ ಯಾರು ಹೇಳಿದರು, ಸುಮ್ನೆ ಇರಬಾರದಾ?"

ನಿಮಗೆ ಜಾಸ್ತಿ ನೋವಾಗಿರುವುದು ಈ ಮೂರನೆಯದಕ್ಕೇ ಅನಿಸಿತು. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಯಾರೂ ಹೇಳುವುದಿಲ್ಲ, ನಿಜ. ಆದರೆ ಎಲ್ಲರೂ ಹಾಕುತ್ತಾರೆ. ಅಮೆರಿಕದ ಶಿಕ್ಷಣ ಇಲಾಖೆಯೇ ಮಾಡಿಸಿ 2018ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದೆ. 2014-15ನೇ ಸಾಲಿನಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಟೀಚರ್‌ಗಳಲ್ಲಿ ನೂರಕ್ಕೆ 94 ಮಂದಿ ಕ್ಲಾಸಿನ ಸಾಮಾನಿಗೆ ಸ್ವಂತ ದುಡ್ಡು ಹಾಕಿದ್ದರು, ಅದು ಅವರಿಗೆ ವಾಪಸ್ ಬಂದಿರಲಿಲ್ಲ. ಹಾಗೆ ಹಾಕಿದವರ ಸರಾಸರಿ ಖರ್ಚು ವರ್ಷಕ್ಕೆ 479 ಡಾಲರ್. ನೂರರಲ್ಲಿ 94 ಜನ ಮಾಡುವುದನ್ನು ಒಬ್ಬೊಬ್ಬರ ಒಳ್ಳೆಯತನ ಅಂತಲೋ, ಒಬ್ಬೊಬ್ಬರ ದಡ್ಡತನ ಅಂತಲೋ ಕರೆಯಲಾಗದು. ಆ ವ್ಯವಸ್ಥೆ ನಡೆಯುತ್ತಿರುವುದೇ ಹಾಗೆ.

ಸುಮ್ಮನೆ ಯಾಕೆ ಇರಲಾಗುವುದಿಲ್ಲ ಅನ್ನುವುದು ಒಂದು ಗ್ಲೂ ಸ್ಟಿಕ್ ನೋಡಿದರೆ ತಿಳಿಯುತ್ತದೆ. ಏಳು ವರ್ಷದ ಮಗು ಅದನ್ನು ಬೇಕಾದಷ್ಟೇ ಮೇಲೆತ್ತುವುದಿಲ್ಲ, ತಿರುಗುವಷ್ಟೂ ತಿರುಗಿಸುತ್ತದೆ. ಅಂಟು ಪೂರ್ತಿ ಹೊರಗೆ ಬರುತ್ತದೆ, ಕಾಗದದ ಮೇಲೆ ಒತ್ತಿದ ತಕ್ಷಣ ಬುಡದಲ್ಲೇ ಮುರಿಯುತ್ತದೆ. ಮುರಿಯದೆ ಉಳಿದದ್ದರ ಮುಚ್ಚಳ ಮೇಜಿನ ಕೆಳಗೆ ಉರುಳಿ ಹೋಗಿ, ಮಾರನೇ ದಿನಕ್ಕೆ ಅಂಟು ಒಣಗಿ ಗಟ್ಟಿಯಾಗಿರುತ್ತದೆ. ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಪಟ್ಟಿ ನೋಡಿ ಕೊಡಿಸಿದ ಡಬ್ಬಿ ಅಕ್ಟೋಬರ್‌ಗೆ ಖಾಲಿ. ಬೋರ್ಡಿನ ಮೇಲೆ ಬರೆಯುವ ಮಾರ್ಕರ್, ಪೆನ್ಸಿಲ್, ಶೀತದ ಕಾಲದಲ್ಲಿ ಟಿಶ್ಯೂ, ಎಲ್ಲದರ ಕಥೆಯೂ ಇದೇ. ಎದುರಿಗೆ ಮಗು "ಮಿಸ್, ಅಂಟಿಲ್ಲ" ಎಂದು ನಿಂತಾಗ ಟೀಚರ್ ಏನು ಮಾಡಬೇಕು? ಶಾಲೆಗೆ ಅರ್ಜಿ ಬರೆದು ಎರಡು ವಾರ ಕಾಯಬೇಕಾ? ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೋಗುತ್ತಾರೆ, ಅಷ್ಟೇ. ನಾದಿನಿಯವರಿಗೆ ಇದನ್ನು ಹೇಳಿ. ಅವರು ಕೇಳಿದ್ದು ನಿಮ್ಮ ಮೇಲಿನ ಕಾಳಜಿಗೇ ಇರಬಹುದು, ಕೋಪ ಮಾಡಿಕೊಳ್ಳಬೇಡಿ.

ಈಗ ಮಿತಿಯ ವಿಷಯ. ನಿಮ್ಮ ಲೆಕ್ಕವನ್ನೇ ಇಟ್ಟುಕೊಂಡು ನೋಡಿದೆ. ಟೆಕ್ಸಸ್ ಕಾನೂನಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಒಂದು ಕ್ಲಾಸಿಗೆ 22 ಮಕ್ಕಳ ಮಿತಿ ಇದೆ, ನಿಮ್ಮಲ್ಲಿ 22 ಜನ ಇದ್ದಾರೆ. ಗಣಿತ, ಓದು, ಬರಹ, ವಿಜ್ಞಾನ ಅಂತ ಮಗುವಿಗೆ ನಾಲ್ಕು ನೋಟ್‌ಬುಕ್. ಒಟ್ಟು 88. ಎಲ್ಲವೂ 25 ಸೆಂಟಿಗೆ ಸಿಕ್ಕಿದ್ದರೆ 22 ಡಾಲರಿಗೆ ಮುಗಿಯುತ್ತಿತ್ತು. ಹತ್ತು ಮಾತ್ರ ಸಿಕ್ಕಿ ಉಳಿದ 78ನ್ನು ನೀವು ಬರೆದಿರುವಂತೆ ಒಂದೂಕಾಲು ಡಾಲರಿನಂತೆ ತಂದಾಗ ಒಟ್ಟು ಸರಿಯಾಗಿ 100 ಡಾಲರ್ ಆಯಿತು. ಆ ಒಂದು ಬೋರ್ಡಿನಿಂದ ನಿಮ್ಮ ಪರ್ಸಿನಿಂದ ಹೆಚ್ಚುವರಿ ಹೋದದ್ದು 78 ಡಾಲರ್. ಇದು ಸಣ್ಣ ಮೊತ್ತವಲ್ಲ, ನಿಮಗೆ ಅಳು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೂ ಮ್ಯಾನೇಜರ್ ಮೇಲೆ ನನಗೆ ಸಿಟ್ಟು ಬರುವುದಿಲ್ಲ. 25 ಸೆಂಟಿಗೆ ನೋಟ್‌ಬುಕ್ ಮಾರಿದರೆ ಅಂಗಡಿಗೆ ಲಾಭವಿಲ್ಲ, ಎಷ್ಟೋ ಸಲ ಅಸಲೂ ಹುಟ್ಟುವುದಿಲ್ಲ. ಅದಕ್ಕಾಗಿ ಬಂದ ಮನೆಯವರು ಬ್ಯಾಗು, ಶೂ, ಊಟದ ಡಬ್ಬಿಯನ್ನೂ ಅಲ್ಲೇ ತಗೊಳ್ಳಲಿ ಎಂದು ಆ ಬೆಲೆ. ಒಬ್ಬರೇ ಬಂದು ರಾಶಿ ಎತ್ತಿಕೊಂಡು ಹೋದರೆ ಮಧ್ಯಾಹ್ನಕ್ಕೆ ಕಪಾಟು ಖಾಲಿ, ಜಾಹೀರಾತು ನೋಡಿ ಬಂದವರು ಬೈದುಕೊಂಡು ಹೋಗುತ್ತಾರೆ. ಕಡಿಮೆಗೆ ಕೊಂಡು ಬೇರೆ ಕಡೆ ಮಾರುವವರೂ ಇದ್ದಾರೆ. ನಿಮ್ಮ ಹಿಂದೆ ಗೊಣಗಿದವರ ಮನೆಯಲ್ಲೂ ಮೂರು ಮಕ್ಕಳಿರಬಹುದು, ಅವರಿಗೂ ಆ ಬೆಲೆಯೇ ಬೇಕಾಗಿತ್ತು. ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬೋರ್ಡಿನಲ್ಲಿ ಒಬ್ಬ ಗಿರಾಕಿಗೆ ಎಂದಿದ್ದರೆ ಯಜಮಾನರೂ ಒಬ್ಬ ಗಿರಾಕಿಯೇ, ಮೋಸವಿಲ್ಲ. ಒಂದು ಮನೆಗೆ ಎಂದಿದ್ದರೆ ಮಾಡಬೇಡಿ. ಮಗನನ್ನು ಮಾತ್ರ ಎರಡೂ ಸಂದರ್ಭದಲ್ಲಿ ಬಿಟ್ಟುಬಿಡಿ ಅನ್ನುತ್ತೇನೆ. ಅಮ್ಮನ ಕೆಲಸದ ಸಾಮಾನಿಗೆ ಮಗು ಸಾಲಿನಲ್ಲಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಕೆಲವು ಅಂಗಡಿಗಳಲ್ಲಿ ಟೀಚರ್‌ಗಳಿಗೆ ಜಾಸ್ತಿ ಕೊಡುವುದೂ ಉಂಟು. ಅದು ಆ ಅಂಗಡಿಯ ಮ್ಯಾನೇಜರ್ ಕೈಯಲ್ಲಿರುತ್ತದೆ. ಶನಿವಾರದ ಜನಜಂಗುಳಿಯಲ್ಲಿ ಕೌಂಟರ್ ಮುಂದೆ ನಿಂತು ಕೇಳಿದರೆ ಅವರಿಗೂ ಇಲ್ಲ ಅನ್ನದೆ ಬೇರೆ ದಾರಿ ಇರುವುದಿಲ್ಲ. ವಾರದ ಮಧ್ಯೆ, ಬೆಳಿಗ್ಗೆ ಹೋಗಿ, ಇಂಥಾ ಶಾಲೆ, ಇಷ್ಟು ಬೇಕು, ಪೂರ್ತಿ ಪೆಟ್ಟಿಗೆ ತರಿಸಿಕೊಡುತ್ತೀರಾ ಎಂದು ಕೇಳಿ. ಶಾಲೆ ಶುರುವಾಗಿ ಕೆಲವು ವಾರ ಕಳೆದ ಮೇಲೆ ಉಳಿದ ಮಾಲನ್ನು ಇನ್ನೂ ಕಡಿಮೆಗೆ ಬಿಡುತ್ತಾರೆ, ಜನವರಿಗೆ ಬೇಕಾದ್ದನ್ನು ಆಗ ತಗೊಳ್ಳಬಹುದು. ಟಾರ್ಗೆಟ್ ಅಂಗಡಿಯವರು ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಟೀಚರ್‌ಗಳಿಗೆ ಒಂದು ಖರೀದಿಯ ಮೇಲೆ 20% ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ಒಂದೇ ಸಲ ಅನ್ನುವುದನ್ನು ಮರೆಯಬೇಡಿ, ಪಟ್ಟಿ ಪೂರ್ತಿ ಮಾಡಿಕೊಂಡೇ ಹೋಗಿ. ಆಗಸ್ಟ್‌ನಲ್ಲಿ ಒಂದು ವಾರಾಂತ್ಯ ಟೆಕ್ಸಸ್‌ನಲ್ಲಿ 100 ಡಾಲರಿಗಿಂತ ಕಡಿಮೆ ಬೆಲೆಯ ಶಾಲಾ ಸಾಮಾನಿಗೆ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ. ಉಳಿದ ದಿನಗಳಲ್ಲಿ ನಿಮ್ಮ ಊರಿನ ಕಡೆ 8.25% ತನಕ ಬೀಳುತ್ತದೆ. ಇಲ್ಲೊಂದು ಮಾತು ಗಮನಿಸಿ. ಅದೇ ನೋಟ್‌ಬುಕ್ಕನ್ನು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ, ಕೊಂಡರೆ ಅದಕ್ಕೆ ಆ ತೆರಿಗೆ ವರ್ಷವಿಡೀ ಇಲ್ಲ. ಸಾವಿರಾರು ನೋಟ್‌ಬುಕ್ ಒಟ್ಟಿಗೆ ತರಿಸುವುದರಿಂದ ಹೋಲ್‌ಸೇಲ್ ಬೆಲೆಯೂ ಸಿಗುತ್ತದೆ, ಒಬ್ಬರಿಗೆ ಹತ್ತು ಎನ್ನುವ ಬೋರ್ಡ್ ಅವರಿಗೆ ಅಡ್ಡ ಬರುವುದಿಲ್ಲ. ಯಾರು ಕೊಂಡರೆ ಅಗ್ಗವೋ ಅವರು ಕೊಳ್ಳುವುದಿಲ್ಲ, ಯಾರಿಗೆ ದುಬಾರಿಯೋ ಅವರು ಐಡಿ ಕಾರ್ಡ್ ಹಿಡಿದು ಬೇಡಿಕೊಳ್ಳುತ್ತಿದ್ದಾರೆ. ನನ್ನ ತಕರಾರು ಇದೇ. ರಿಯಾಯಿತಿ ಎಷ್ಟು ಧಾರಾಳವಾಗಿದ್ದರೂ ಅದು ತಪ್ಪು ಜಾಗದಲ್ಲಿರುವ ಬಿಲ್ಲನ್ನು ಸ್ವಲ್ಪ ಸಣ್ಣದು ಮಾಡುತ್ತದೆ, ಆ ಬಿಲ್ಲು ಮಾತ್ರ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ತೆರಿಗೆಯಲ್ಲಿ ವಾಪಸ್ ಬರುತ್ತದಲ್ಲ ಎಂದು ಹೇಳುವವರು ಇರುತ್ತಾರೆ. ಅದನ್ನೂ ಬಿಡಿಸಿ ನೋಡೋಣ. ಟೀಚರ್‌ಗಳ ಖರ್ಚಿಗೆ ಫೆಡರಲ್ ಆದಾಯ ತೆರಿಗೆಯಲ್ಲಿ 2002ರಲ್ಲಿ 250 ಡಾಲರ್ ಕಡಿತ ಕೊಟ್ಟರು. ಇಪ್ಪತ್ತು ವರ್ಷ ಅದು ಅಲ್ಲೇ ನಿಂತಿತ್ತು, 2022ಕ್ಕೆ 300 ಆಯಿತು. ವರ್ಷಕ್ಕೆ 900 ಗಂಟೆಯಾದರೂ ಶಾಲೆಯಲ್ಲಿ ಕೆಲಸ ಮಾಡಿರಬೇಕು, ನಿಮಗೆ ಅದು ಸಮಸ್ಯೆಯಲ್ಲ. ಆದರೆ ಇದು ಆದಾಯದಿಂದ ಕಳೆಯುವ ಮೊತ್ತ. 300 ಡಾಲರ್ ಚೆಕ್ ಕೈಗೆ ಬರುವುದಿಲ್ಲ. 300 ಡಾಲರ್ ಕಳೆದಾಗ, ನೀವು 22% ತೆರಿಗೆಯ ಸಾಲಿನಲ್ಲಿದ್ದರೆ ಉಳಿಯುವುದು 66 ಡಾಲರ್, 12% ಆದರೆ 36. ಸರಾಸರಿ 479 ಹಾಕಿದ ಟೀಚರ್‌ಗೆ 66 ಉಳಿದರೂ 413 ಹೋದದ್ದು ಹೋದದ್ದೇ. 2025ರ ಹೊಸ ತೆರಿಗೆ ಕಾನೂನಿನಲ್ಲಿ ಆ ಮಿತಿ ಮೀರಿದ ಖರ್ಚನ್ನೂ ತೋರಿಸಲು 2026ರಿಂದ ದಾರಿ ಕೊಟ್ಟಿದ್ದಾರೆ, ಆದರೆ ಅದು ಪ್ರತಿಯೊಂದು ಖರ್ಚನ್ನೂ ಬಿಡಿಬಿಡಿಯಾಗಿ ಪಟ್ಟಿ ಮಾಡಿ ತೆರಿಗೆ ಕಟ್ಟುವವರಿಗೆ. ಬಹುಪಾಲು ಜನ ಹಾಗೆ ಕಟ್ಟುವುದಿಲ್ಲ. ಆದರೂ ಬಿಲ್ಲು ಎಸೆಯಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ದಾನದಿಂದ ನಡೆಸುವ ದಾರಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ಬೆಸ್ಟ್ 2000ದಲ್ಲಿ ಡೋನರ್ಸ್‌ಚೂಸ್ ಶುರು ಮಾಡಿದರು. ಟೀಚರ್ ತನಗೇನು ಬೇಕು ಎಂದು ಬರೆಯುತ್ತಾರೆ, ಓದಿದವರು ದುಡ್ಡು ಕೊಡುತ್ತಾರೆ, ಸಂಸ್ಥೆಯೇ ಸಾಮಾನು ಕೊಂಡು ಶಾಲೆಗೆ ಕಳಿಸುತ್ತದೆ. ನಿಮಗೂ ಉಪಯೋಗವಾಗಬಹುದು, ನೋಡಿ. ಆದರೆ ಬರೆಯಲು ಬರುವ, ಚಂದದ ಫೋಟೋ ಹಾಕಬಲ್ಲ ಟೀಚರ್‌ಗೆ ಬೇಗ ಸಿಗುತ್ತದೆ, ಸಂಕೋಚದವರಿಗೆ ನಿಧಾನ. ಅದೂ ಅಲ್ಲದೆ ದಾನ ಯಾವಾಗ ತಮಾಷೆಯಾಗುತ್ತದೆ ಅಂತ ಹೇಳಲಾಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಸೌತ್ ಡಕೋಟಾದ ಸೂ ಫಾಲ್ಸ್ ಊರಿನಲ್ಲಿ ಐಸ್ ಹಾಕಿ ಪಂದ್ಯದ ಬಿಡುವಿನಲ್ಲಿ ಮೈದಾನದ ಮಧ್ಯೆ 5,000 ಡಾಲರನ್ನು ಒಂದೊಂದೇ ಡಾಲರಿನ ನೋಟುಗಳಲ್ಲಿ ಸುರಿದರು. ಹತ್ತು ಜನ ಟೀಚರ್‌ಗಳು ಮಂಡಿಯೂರಿ ಬಾಚಿ ಬಾಚಿ ಅಂಗಿಯೊಳಗೆ ತುಂಬಿಕೊಂಡರು, ಸುತ್ತ ಕೂತ ಜನ ಕೇಕೆ ಹಾಕುತ್ತಿದ್ದರು. ಆ ದುಡ್ಡೂ ಕ್ಲಾಸಿನ ಸಾಮಾನಿಗೇ. ಆಮೇಲೆ ಟೀಕೆ ಬಂತು, ನಡೆಸಿದವರು ಕ್ಷಮೆ ಕೇಳಿದರು. ಅವರ ಮನಸ್ಸು ಕೆಟ್ಟದ್ದಿರಲಿಲ್ಲ, ಸಹಾಯ ಮಾಡಬೇಕು ಅಂತಲೇ ಮಾಡಿದ್ದು. ಆದರೂ ಆ ವಿಡಿಯೋ ನೋಡಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ದುಡ್ಡು ಎಲ್ಲಿ ನಿಂತಿತು? ನಿಮ್ಮ ರಾಜ್ಯದ ಉದಾಹರಣೆಯನ್ನೇ ತಗೊಳ್ಳಿ. ಟೆಕ್ಸಸ್ ಒಂದು ಮಗುವಿಗೆ ಇಷ್ಟು ಎಂದು ಶಾಲೆಗಳಿಗೆ ಕೊಡುವ ಮೂಲ ಮೊತ್ತವನ್ನು 2019ರಲ್ಲಿ 6,160 ಡಾಲರಿಗೆ ನಿಲ್ಲಿಸಿತು. ಮಧ್ಯೆ ಕೋವಿಡ್ ಬಂತು, ಕಾಗದದಿಂದ ಬಸ್ಸಿನ ಡೀಸೆಲ್‌ವರೆಗೆ ಎಲ್ಲದರ ಬೆಲೆ ಏರಿತು, ಆ ಮೊತ್ತ ಅಲ್ಲಾಡಲಿಲ್ಲ. 2025ರಲ್ಲಿ ಹೊಸ ಕಾನೂನು ಮಾಡಿ 55 ಡಾಲರ್ ಏರಿಸಿದರು. ಟೀಚರ್ ಸಂಬಳಕ್ಕೆ ಬೇರೆ ದುಡ್ಡನ್ನೂ ಕೊಟ್ಟರು, ಅದು ಒಳ್ಳೆಯದೇ. ಆದರೆ ಬಜೆಟ್ ಬಿಗಿಯಾದಾಗ ಡಿಸ್ಟ್ರಿಕ್ಟ್ ಕರೆಂಟ್ ಬಿಲ್ ಕಟ್ಟದೆ ಇರಲಾಗದು, ಬಸ್ ನಿಲ್ಲಿಸಲಾಗದು. ಕ್ಲಾಸಿನ ಸಾಮಾನನ್ನು ಕತ್ತರಿಸಿದರೆ ಮಾತ್ರ ಯಾವ ಗಲಾಟೆಯೂ ಆಗುವುದಿಲ್ಲ. ಯಾಕೆಂದರೆ ಅದನ್ನು ಯಾರೋ ತರುತ್ತಾರೆ ಅಂತ ಎಲ್ಲರಿಗೂ ಗೊತ್ತಿದೆ.

ನಿಮ್ಮ ತಾಯಿಯವರು ತಿಪಟೂರಿನ ಕಡೆ ಸರ್ಕಾರಿ ಶಾಲೆಯಲ್ಲಿದ್ದಾಗ ಚಾರ್ಟ್ ಶೀಟು, ಬಣ್ಣದ ಪೆನ್ನು ಕೈಯಿಂದಲೇ ತರುತ್ತಿದ್ದರು ಎಂದು ಬರೆದಿದ್ದೀರಿ. ನಂಬುತ್ತೇನೆ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕಲಿಕೋಪಕರಣಕ್ಕೆಂದು ಬರುತ್ತಿತ್ತು. ಈಗ ಮಕ್ಕಳ ಸಂಖ್ಯೆ ನೋಡಿ ಶಾಲೆಗೊಂದು ಅನುದಾನ. ಇಲ್ಲಿ ಇತ್ತೀಚಿನ ವರ್ಷಗಳಲ್ಲಿ ಜಾಸ್ತಿ ಕೇಳಿಬಂದದ್ದು ಮೊಟ್ಟೆಯ ಲೆಕ್ಕ. ಬಿಸಿಯೂಟದ ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದದ್ದು ತಲಾ 6 ರೂಪಾಯಿ, ಅದರಲ್ಲೇ ಬೇಯಿಸಿ ಸುಲಿದು ಸಾಗಿಸುವ ಖರ್ಚೂ ಸೇರಿತ್ತು. ಪೇಟೆಯಲ್ಲಿ ಮೊಟ್ಟೆಯ ಬೆಲೆಯೇ ಅದನ್ನು ದಾಟಿದಾಗ ವ್ಯತ್ಯಾಸ ಕಟ್ಟಿದವರು ಮುಖ್ಯ ಶಿಕ್ಷಕರು. ಮಕ್ಕಳ ಮುಂದೆ ಇವತ್ತು ಮೊಟ್ಟೆ ಇಲ್ಲ ಅನ್ನಲು ಅವರಿಗೆ ಬಾಯಿ ಬರಲಿಲ್ಲ. ನಿಮ್ಮ ಗ್ಲೂ ಸ್ಟಿಕ್ಕಿಗೂ ಇದಕ್ಕೂ ವ್ಯತ್ಯಾಸ ಇಲ್ಲ.

ಬಿಲ್ಲುಗಳ ವಿಷಯಕ್ಕೆ ಬರುತ್ತೇನೆ. ಈ ವರ್ಷ ಪ್ರತಿಯೊಂದನ್ನೂ ಒಂದು ಕವರಿನಲ್ಲಿ ಹಾಕಿಡಿ, ಹಿಂದೆ ಯಾವ ಪಾಠಕ್ಕೆ ತಂದದ್ದು ಎಂದು ಒಂದು ಸಾಲು ಬರೆಯಿರಿ. ನಿಮ್ಮ ಶಾಲೆಯ ಎರಡನೇ ಕ್ಲಾಸಿನ ಬೇರೆ ಟೀಚರ್‌ಗಳಿಗೂ ಹೇಳಿ. ಎಲ್ಲರದ್ದೂ ಸೇರಿಸಿ, ಎರಡನೇ ಕ್ಲಾಸಿಗೆ ವರ್ಷಕ್ಕೆ ಇಷ್ಟು ಬೇಕಾಗುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆದು ಪ್ರಿನ್ಸಿಪಾಲ್‌ಗೆ ಕೊಡಿ. ದೂರಿನ ಭಾಷೆ ಬೇಡ, ಲೆಕ್ಕ ಸಾಕು. ಒಬ್ಬರೇ ಹೋಗಬೇಡಿ. ಕೆಲಸಕ್ಕೆ ಸೇರಿ ಸ್ವಲ್ಪವೇ ಕಾಲವಾಗಿರುವ ನಿಮಗೆ ಹೆದರಿಕೆ ಇರುತ್ತದೆ, ಹಳಬರು ಮುಂದೆ ನಿಲ್ಲಲಿ.

ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಹಣಕಾಸು ವರ್ಷ ಜುಲೈ 1ಕ್ಕೋ ಸೆಪ್ಟೆಂಬರ್ 1ಕ್ಕೋ ಶುರುವಾಗುತ್ತದೆ. ಅದಕ್ಕೂ ಮುಂಚೆ ಸ್ಕೂಲ್ ಬೋರ್ಡ್ ಬಜೆಟ್ ಮೇಲೆ ಸಾರ್ವಜನಿಕ ಸಭೆ ಕರೆಯಲೇಬೇಕು. ಆ ಸಭೆಯಲ್ಲಿ ಟೀಚರ್ ಮಾತಾಡುವುದಕ್ಕಿಂತ ಅಪ್ಪ ಅಮ್ಮ ಮಾತಾಡುವುದು ಸುಲಭ, ಬೋರ್ಡಿನವರು ಅವರ ಮತದಿಂದಲೇ ಗೆದ್ದವರು. ಪ್ಲೇನೋ, ಫ್ರಿಸ್ಕೋ, ಇರ್ವಿಂಗ್ ಕಡೆ ಇದನ್ನು ಓದುತ್ತಿರುವ ಕನ್ನಡದ ಮನೆಯವರಿಗೂ ಹೇಳುತ್ತಿದ್ದೇನೆ. ಮತದಾನದ ಹಕ್ಕು ಇಲ್ಲದಿದ್ದರೂ ನಿಮ್ಮ ಮಗು ಆ ಶಾಲೆಯಲ್ಲಿದೆ, ನೀವು ಕಟ್ಟುವ ಬಾಡಿಗೆಯಲ್ಲೂ ಮನೆ ತೆರಿಗೆಯಲ್ಲೂ ಆ ಶಾಲೆಯ ಪಾಲಿದೆ. ಮಗುವಿನ ಟೀಚರನ್ನು ಈ ವರ್ಷ ಕೈಯಿಂದ ಎಷ್ಟು ಹಾಕಿದಿರಿ ಎಂದು ಒಮ್ಮೆ ಕೇಳಿ. ಬಜೆಟ್ ಸಭೆಯ ದಿನ ಯಾವುದೆಂದು ನೋಡಿಕೊಂಡು ಹೋಗಿ, ಹೆಸರು ಬರೆಸಿ, ಒಂದು ಕ್ಲಾಸಿನ ಸಾಮಾನಿಗೆ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ. ಮೇಡಂ, ಆ ಒಂದು ಹಾಳೆಯ ಲೆಕ್ಕ ಸಿದ್ಧವಾದಾಗ ಶಾಲೆಯ ಹೆಸರು ತೆಗೆದು ನಮಗೂ ಕಳಿಸಿ. ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

— ಸಂಪಾದಕ