ತಪ್ಪು ಮಾಡದವನಿಗೆ ಸರ್ಕಾರ ನೋಡಿದರೆ ಏನು ನಷ್ಟ?

ನೀವು ಕೇಳಿರುವುದು ಇಷ್ಟು: ಭದ್ರತೆಗಾಗಿ ಸರ್ಕಾರ ನಮ್ಮ ಫೋನು, ಓಡಾಟ, ಆಧಾರ್ ಎಲ್ಲವನ್ನೂ ಗಮನಿಸಲಿ, ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಅದರಿಂದ ಏನು ನಷ್ಟ?

ನಾನು ವಕೀಲನಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಜಾತಕ, ವಿಚ್ಛೇದನದ ಅರ್ಜಿ, ಬಯಾಪ್ಸಿ ವರದಿ, ಊರಿನವರ ಗುಟ್ಟುಗಳೆಲ್ಲ ಪುಟಕ್ಕೆ ಎರಡು ರೂಪಾಯಿಯಂತೆ ನನ್ನ ಯಂತ್ರದ ಗಾಜಿನ ಮೇಲೆ ಮಲಗೆದ್ದು ಹೋಗುತ್ತವೆ.

ಆ ಗಾಜಿನಿಂದಲೇ ಶುರು ಮಾಡುತ್ತೇನೆ. ರಾತ್ರಿ ಅಂಗಡಿ ಮುಚ್ಚುವ ಮೊದಲು ಯಂತ್ರದ ಮುಚ್ಚಳ ಎತ್ತಿದರೆ ವಾರಕ್ಕೊಮ್ಮೆಯಾದರೂ ಯಾರದೋ ಆಧಾರ್ ಕಾರ್ಡು ಕವುಚಿಕೊಂಡು ಬಿದ್ದಿರುತ್ತದೆ. ಜನ ನಕಲನ್ನು ಜೋಪಾನವಾಗಿ ಮಡಚಿ ಕಿಸೆಗೆ ಹಾಕುತ್ತಾರೆ, ಅಸಲನ್ನು ಮರೆಯುತ್ತಾರೆ. ಅಂಥವನ್ನು ಹಾಕಿಡಲು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. 2022ರ ನವೆಂಬರ್ 19ರವರೆಗೆ ಅದು ಮೇಜಿನ ಮೇಲೆ ಬಾಯಿ ತೆರೆದೇ ಇರುತ್ತಿತ್ತು.

ಆ ಶನಿವಾರ ಸಂಜೆ ನಾಗುರಿಯಲ್ಲಿ ಓಡುತ್ತಿದ್ದ ಆಟೋದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ಅದನ್ನು ಒಯ್ಯುತ್ತಿದ್ದ ಪ್ರಯಾಣಿಕನ ಬಳಿಯಿದ್ದ ಆಧಾರ್ ಅವನದಾಗಿರಲಿಲ್ಲ. ಎಲ್ಲೋ ಕಾರ್ಡು ಕಳೆದುಕೊಂಡಿದ್ದ ಹುಬ್ಬಳ್ಳಿಯ ಒಬ್ಬರದು. ಅವರಿಗೂ ಮುಚ್ಚಿಡಲು ಏನೂ ಇರಲಿಲ್ಲ, ಆದರೂ ಪೊಲೀಸರಿಗೆ ಉತ್ತರ ಹೇಳಬೇಕಾಯಿತು. ಮರುದಿನ ಡಬ್ಬಿಯನ್ನು ಬೀಗವಿರುವ ಡ್ರಾಯರಿನೊಳಗೆ ಇಟ್ಟೆ.

ಹಾಗೆಂದು ಪೊಲೀಸರ ಕಣ್ಣೇ ಬೇಡ ಎನ್ನುವವನು ನಾನಲ್ಲ. ಅಂಗಡಿಯಿಂದ ಸ್ವಲ್ಪ ದೂರದಲ್ಲೇ ಬಾಂಬ್ ಸಿಡಿದಿದೆ, ಹಾಗೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು? 2020ರ ಜನವರಿಯಲ್ಲಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲ ಸಿಕ್ಕಿದಾಗ, ಅದನ್ನು ಇಟ್ಟವನ ಚಹರೆ ಹೊರಬಿದ್ದದ್ದೇ ಸಿಸಿ ಕ್ಯಾಮೆರಾದಿಂದ. ಎರಡು ದಿನಗಳಲ್ಲಿ ಅವನು ಬೆಂಗಳೂರಿನಲ್ಲಿ ಶರಣಾದ. ಜನ ಸೇರುವ ಕಡೆ ಕ್ಯಾಮೆರಾ ಇರಬೇಕೆಂದು ರಾಜ್ಯದಲ್ಲಿ 2017ರ ಕಾನೂನೇ ಇದೆ. ನನ್ನ ಸಣ್ಣ ಅಂಗಡಿಗೆ ಅದು ಅನ್ವಯಿಸದಿದ್ದರೂ ನಾನಾಗಿಯೇ ಎರಡು ಕ್ಯಾಮೆರಾ ಹಾಕಿಸಿದ್ದೇನೆ, ಒಂದು ರಸ್ತೆಗೆ ಮುಖ ಮಾಡಿದೆ.

ನಿಮ್ಮಂತೆಯೇ ಮಾತಾಡುತ್ತಿದ್ದವರು ನನ್ನ ಚಿಕ್ಕಪ್ಪ. "ನಮ್ಮದೇನು ಕದ್ದ ಮಾಲೇ?" ಎಂದು, ಎಲ್ಲಿ ಬೆರಳು ಒತ್ತಲು ಹೇಳಿದರೆ ಅಲ್ಲಿ ಒತ್ತುತ್ತಿದ್ದರು. 2023ರಲ್ಲಿ ಬೆರಳು ಒತ್ತಿ ಜಾಗದ ಪತ್ರ ನೋಂದಣಿ ಮಾಡಿಸಿದ ಕೆಲವು ವಾರಗಳಿಗೆ ಅವರ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೋಯಿತು. ಒಟಿಪಿ ಬಂದಿರಲಿಲ್ಲ, ಯಾರೂ ಕರೆ ಮಾಡಿರಲಿಲ್ಲ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಬ್ಯಾಂಕಿನಿಂದ ಹಣ ತೆಗೆಯುವ ವ್ಯವಸ್ಥೆಯೊಂದಿದೆ, ಆ ದಾರಿಯಲ್ಲಿ ಹೋಗಿತ್ತು. ಆ ವರ್ಷ ಮಂಗಳೂರಿನಲ್ಲಿ ಹೀಗೆ ಹಣ ಕಳೆದುಕೊಂಡವರು ಹಲವರು. ಎಟಿಎಂ ಪಿನ್ ಕಳವಾದರೆ ಬೇರೆ ಹಾಕಿಕೊಳ್ಳಬಹುದು, ಹತ್ತು ಬೆರಳೂ ಖರ್ಚಾದರೆ ಹನ್ನೊಂದನೆಯದನ್ನು ಎಲ್ಲಿಂದ ತರುವುದು? (ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಇದನ್ನು ಓದಿ ಮುಗಿಸಿದೊಡನೆ ಮಾಡಿಬಿಡಿ.)

ಆದ್ದರಿಂದ ನನ್ನ ಉತ್ತರ: ನೋಡಲಿ, ಆದರೆ ನೋಡಿದ್ದಕ್ಕೆ ಲೆಕ್ಕ ಇಡಲಿ. ಇದು ಜೆರಾಕ್ಸಿನವನ ತತ್ತ್ವಜ್ಞಾನವೆಂದು ನಗಬೇಡಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಸರ್ಕಾರ ಅದರೊಳಗೆ ಕೈ ಹಾಕಲೇಬಾರದು ಎಂದಿಲ್ಲ. ಹಾಕುವುದಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತಾಗಬಾರದು.

ನನ್ನ ತಕರಾರು ಇರುವುದು ಲೆಕ್ಕ ನೋಡುವವರ ಬಗ್ಗೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ. ಅಂದರೆ ಇದು ದೆಹಲಿಯವರ ಚಾಳಿ ಮಾತ್ರ ಎನ್ನುವ ಹಾಗಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ನಿಯಮ ಹಾಕಿತು: ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅವಧಿಗೆ ಮಿತಿ ಬೇಕು, ಪರಿಶೀಲನಾ ಸಮಿತಿ ಬೇಕು. ಒಳ್ಳೆಯದೇ. ಆದರೆ ಆ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ, ನ್ಯಾಯಾಧೀಶರಿಲ್ಲ. ನನ್ನ ಅಂಗಡಿಯ ಲೆಕ್ಕವನ್ನು ನನ್ನ ಭಾವನೇ ತಪಾಸಣೆ ಮಾಡಿದರೆ ಆದಾಯ ತೆರಿಗೆಯವರು ಒಪ್ಪುತ್ತಾರೆಯೇ? ನಿಮ್ಮ ಫೋನನ್ನು ಕೇಳಿಸಿಕೊಂಡಿದ್ದೆವು ಎಂದು ನಿಮಗೆ ಯಾರೂ ಆಮೇಲೆ ತಿಳಿಸುವುದೂ ಇಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಾಗ ಆಸೆಯಿಂದ ಓದಿದೆ. ದೇಶದ ಭದ್ರತೆಯ ಹೆಸರಿನಲ್ಲಿ ತನ್ನ ಯಾವ ಸಂಸ್ಥೆಯನ್ನಾದರೂ ಅದರಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಅದರಲ್ಲೇ ಇಟ್ಟುಕೊಂಡಿದೆ.

ಕೊನೆಗೆ ನನ್ನ ಕ್ಯಾಮೆರಾದ ಕಥೆ. ಕಳೆದ ಮಳೆಗಾಲದಲ್ಲಿ ಬೈಕ್ ಕಳವಾಗಿದೆ ಎಂದು ಇಬ್ಬರು ಪೊಲೀಸರು ಬಂದರು. ಅರ್ಧ ಗಂಟೆಯ ದೃಶ್ಯ ಕೊಟ್ಟೆ, ಬೈಕ್ ಸಿಕ್ಕಿತು. ಮುಂದಿನ ವಾರ, ಠಾಣೆಯ ಕಡೆಯವನು ಎಂದು ಹೇಳಿಕೊಂಡ ಒಬ್ಬರು ಮಫ್ತಿಯಲ್ಲಿ ಬಂದು, ಎದುರಿನ ಬಸ್ ನಿಲ್ದಾಣದ ಇಡೀ ವಾರದ ದೃಶ್ಯ ಬೇಕೆಂದರು. ಯಾವ ಕೇಸು ಸಾರ್ ಎಂದೆ. "ಕೇಸೇನಿಲ್ಲ ಮಾರಾಯರೇ, ಒಬ್ಬಳು ಹುಡುಗಿ ಯಾರ ಜೊತೆ ನಿಲ್ಲುತ್ತಾಳೆ ಎಂದು ನೋಡಬೇಕಿತ್ತು" ಎಂದರು. ಯಾರು ಯಾರ ಜೊತೆ ಐಸ್‌ಕ್ರೀಂ ತಿಂದರು ಎಂಬುದಕ್ಕೇ ಹೊಡೆದಾಟವಾಗುವ ಊರು ನಮ್ಮದು. ಪೆನ್‌ಡ್ರೈವ್ ಚುಚ್ಚಿಯಾಗಿತ್ತು, ಕೈ ಅಲ್ಲೇ ನಿಂತಿತು.

ದಾಖಲೆ ಬೇಕಾದರೆ ಠಾಣಾಧಿಕಾರಿ ಲಿಖಿತವಾಗಿ ಕೇಳಲು ಕಾನೂನಿನಲ್ಲಿ ದಾರಿಯಿದೆ, ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 91ನೇ ಕಲಂ, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್ ಕಾಯ್ದೆಯ 94ನೇ ಕಲಂ. ಅದನ್ನೆಲ್ಲ ಅವರಿಗೆ ಪಾಠ ಮಾಡುವ ಎದೆಗಾರಿಕೆ ನನಗಿರಲಿಲ್ಲ. ಮಾರಾಟಕ್ಕಿಟ್ಟಿದ್ದ ನೋಟ್‌ಬುಕ್ ಒಂದನ್ನು ತೆಗೆದು ಹೆಸರು, ಠಾಣೆ, ಕೇಸಿನ ನಂಬರು, ಎಷ್ಟು ಹೊತ್ತಿನ ದೃಶ್ಯ ಎಂದು ಗೆರೆ ಎಳೆದು ಮುಂದಿಟ್ಟೆ. ಇದರಲ್ಲಿ ಬರೆದು ಸಹಿ ಹಾಕಿ ಸಾರ್ ಎಂದೆ.

ಅವರು ಪುಸ್ತಕ ನೋಡಿದರು, ಕಿಸೆ ತಡವಿದರು, ಪೆನ್ನು ಗಾಡಿಯಲ್ಲಿದೆ, ತರುತ್ತೇನೆ ಎಂದು ಇಳಿದು ಹೋದರು. ಮೇಜಿನ ಮೇಲೆ ಪೆನ್ನುಗಳ ಡಬ್ಬಿಯೇ ಇತ್ತು. ಅವರ ಪೆನ್‌ಡ್ರೈವ್ ಈಗಲೂ ಆ ಬಿಸ್ಕತ್ತಿನ ಡಬ್ಬಿಯಲ್ಲಿದೆ.